ತಾಟು ಇಟ್ಟು ಕೇಳು

ವಾಲ್ನಟ್ ಕ್ರೀಕ್ ಸ್ಟೇಷನ್ನಿನಲ್ಲಿ ಏರ್‌ಪೋರ್ಟಿನ ರೈಲಿಗೆ ಕಾಯುತ್ತಾ, ಗಾರ್ಗಿ ಅಚ್ಯುತನನ್ನು ನೋಡಬಾರದೆಂದು ಸೂಟ್‌ಕೇಸಿನ ಹಿಡಿಯನ್ನೇ ನೋಡುತ್ತಿದ್ದಳು. ಬ್ರಸೆಲ್ಸ್‌ನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಈ ರೈಲು ಹತ್ತಿದರೆ ಮುಗಿಯಿತು.

ಅಚ್ಯುತ ಹತ್ತಿರದ ನೆವಾರ್ಕಿನ ಆಫೀಸಿಗೆ ರಜೆ ಹಾಕಿ ಕಳಿಸಿಕೊಡಲು ಬಂದಿದ್ದ. ಈ ವಾಲ್ನಟ್ ಕ್ರೀಕಿನಲ್ಲೇ, ಯಾರದೋ ಮನೆಯ ಗಮಕ ವಾಚನದಲ್ಲಿ, ಅವರು ಮೊದಲು ಭೇಟಿಯಾದದ್ದು. ಷಟ್ಪದಿಯ ಮೂರನೆಯ ಸಾಲು ನೀಳವಾಗಿ ಎಳೆದು ನಿಂತಾಗ, ಉಸಿರು ಹಿಡಿದು ಕೂತ ಇಬ್ಬರ ಕಣ್ಣು ಕೂಡಿದ್ದವು. ಆ ಉಸಿರನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.

“ಅಲ್ಲೆ ಥಂಡಿ ಭಾಳ ಅಂತ. ಸ್ವೆಟರ್ ಮ್ಯಾಲೇ ಇಟ್ಕೊಂಡೀಯೇನು?”

“ಹ್ಞೂಂ.”

“ಉಪ್ಪಿನಕಾಯಿ?”

“ಅಚ್ಯುತ, ಪ್ಲೀಸ್. ಬರಲ್ಲ ಅಂದೋನು ನೀನು. ಈಗ ಹೀಗೆಲ್ಲ ಕೇಳ್ಬೇಡ.”

ಅವನ ಹುಬ್ಬು ಮೇಲೇರಿತು. “ನಾ ಯಾವಾಗ ಅಂದೆ?”

“ಬರ್ಕ್ಲಿಯಲ್ಲಿ ನನ್ನ ರಿಸರ್ಚಿನ ಪ್ರಶ್ನೆಗಳನ್ನ ನಿನ್ನ ಮೇಲೆ ಟ್ರೈ ಮಾಡಿದ್ನಲ್ಲ, ಅವತ್ತು. ಬಾಗಲಕೋಟೆ ಅಂದ್ರೆ ಪ್ರಾಣ ಅಂತ ನೀನಂದೆ. ಹಾಗಾದ್ರೆ ಯುರೋಪಿನ ಥರ ದೇಶಗಳೆಲ್ಲ ಸೇರಿ ಒಂದು ಒಕ್ಕೂಟ ಆಗೋದು ನಿನಗೆ ಬೇಡ, ಅಲ್ವಾ? ಅಂತ ನಾನು ಕೇಳ್ದೆ. ಬ್ಯಾಡ ಅಂತ ನಕ್ಕೆ ನೀನು. ನನ್ನ ಜೊತೆ ಬ್ರಸೆಲ್ಸಿಗೂ ಬರಲ್ಲ, ಅಲ್ವಾ? ಅಂತ ಕೇಳ್ದೆ. ಅದಕ್ಕೂ ಇಲ್ಲ ಅಂದುಬಿಟ್ಟೆ.”

ಅಚ್ಯುತ ನಕ್ಕ. ಕಣ್ಣು ಮಾತ್ರ ನಗಲಿಲ್ಲ.

“ನೀವು ಬೆಂಗಳೂರವರು! ಮನಿಗೆ ಬಂದವರನ್ನ ‘ಊಟ ಮಾಡ್ಕೊಂಡೇ ಬಂದಿರ್ತೀರಲ್ವಾ?’ ಅಂತ ಕೇಳ್ತೀರಿ. ಹಸದವ ಏನಂತಾನ? ಹೌದ್ರೀ, ಆಗೇದ ಅಂತಾನ. ನಮ್ಮ ಕಡೆ ಊಟದ ತಾಟು ಇಟ್ಟು ಕೇಳ್ತಾರ.”

ಹಿಡಿಯ ಮೇಲೆ ಅವಳ ಬೆರಳು ಬಿಗಿಯಿತು.

“ಒಕ್ಕೂಟ ಯಾಕ ಬ್ಯಾಡ ಅನ್ಲಿ? ಬೆಂಗಳೂರಾಗ ನನ್ನ ಮಾತಿಗೆ ನಗ್ತಾರ. ದಿಲ್ಲಿಯೊಳಗ ನಮ್ಮೂರ ಹೆಸರೇ ಗೊತ್ತಿಲ್ಲ. ಇವೆರಡಕ್ಕಿಂತ ದೊಡ್ಡ ಮನಿ ಇದ್ರ, ಅಲ್ಲೆ ಬಾಗಲಕೋಟಿಗೂ ಒಂದು ಜಾಗ ಸಿಕ್ಕೀತು. ಎದಿಯೊಳಗ ಊರು ಗಟ್ಟಿ ಇದ್ದವಗ ದೊಡ್ಡ ಅಂಗಳದ ಹೆದರಿಕಿ ಎಲ್ಲಿದು?” ಅವನ ದನಿ ತಗ್ಗಿತು. “ನಿನ್ನ ರಿಸರ್ಚಿನೊಳಗ ಬಾರ್ಸಿಲೋನಾದವರನ್ನೂ ಹಿಂಗ ಕೇಳಿದಿಯೇನು?”

“ಇಲ್ಲ.” ಅವಳು ಈಗ ಅವನನ್ನೇ ನೋಡಿದಳು. “ಉತ್ತರ ನಾವೇ ಅವರ ಬಾಯಿಗಿಡಬಾರದು ಅಂತ ಗೈಡು ಬೈದ್ರು. ಅವರಿಗೆಲ್ಲ ಪ್ರಶ್ನೆ ತಿದ್ದಿ ಕೇಳ್ದೆ. ನಿನ್ನ ಹಾಗೇ ಊರಿಗೆ ಅಂಟಿಕೊಂಡೋರೇ ಎಷ್ಟೋ ಜನ ಒಕ್ಕೂಟ ಬೇಕು ಅಂದ್ರು. ನಿನ್ನೊಬ್ಬನ್ನ ಮಾತ್ರ ಮತ್ತೆ ಕೇಳ್ಲಿಲ್ಲ. ನಿಜವಾಗ್ಲೂ ಇಲ್ಲ ಅಂದ್ರೆ ಏನ್ಮಾಡ್ಲಿ ಅಂತ ಭಯ ಆಯ್ತು ಕಣೋ.”

ರೈಲು ಬಂತು. ಬಾಗಿಲು ತೆರೆಯಿತು. ತುಟಿಯೊಳಗೇ ದೇವರ ಹೆಸರು ಹೇಳುತ್ತಾ ಅವಳು ಸೂಟ್‌ಕೇಸನ್ನು ಒಳಗೆಳೆದಳು, ತಿರುಗಿದಳು. ಅವನು ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದ, ಬರಿಗೈಯಲ್ಲಿ.

“ಬಾ,” ಎಂದಳು. ಕಣ್ಣೀರು ಗಲ್ಲಕ್ಕಿಳಿದಿತ್ತು. “ನನ್ನ ಜೊತೆ ಬಾ. ವೀಸಾ ಯಾವತ್ತು ಸಿಗುತ್ತೋ ಅವತ್ತು. ನೀನಿಲ್ದೆ ನಂಗಾಗಲ್ಲ, ಅಚ್ಯುತ.”

“ತಾಟು ಇಟ್ಟೀಯೇನು?”

“ಇಟ್ಟಿದೀನಿ. ಅವತ್ತಿಂದ ಇಟ್ಕೊಂಡೇ ಕೂತಿದೀನಿ.”

ಅವನು ಒಳಗೆ ಕಾಲಿಟ್ಟ. ಬಾಗಿಲು ಅವನ ಬೆನ್ನಿಗೇ ಮುಚ್ಚಿತು. ಏರ್‌ಪೋರ್ಟಿನವರೆಗಂತೂ ಒಟ್ಟಿಗೆ, ಅದರಾಚೆಗೆ ವೀಸಾ, ಸಮುದ್ರ, ಯಾವುದೂ ಅವರ ಕೈಯಲ್ಲಿರಲಿಲ್ಲ.

ಅವಳ ನೆತ್ತಿಗೆ ಗಲ್ಲವಿಟ್ಟು ಅವನೆಂದ:

“ಭಾಳ ಹಸದೀನಿ, ಗಾರ್ಗಿ.”