ಕನ್ನ ಮುಚ್ಚಿ ಹೋದ ಕಳ್ಳ

ಬುಧವಾರ ಬೆಳಿಗ್ಗೆ 11.20ಕ್ಕೆ ಹೃದಯ ಆಸ್ಪತ್ರೆಯ ಮುಖ್ಯಾಧಿಕಾರಿ ಏದುಸಿರು ಬಿಡುತ್ತ ಠಾಣೆಗೆ ಬಂದರು. ಯಾರೋ ಆಸ್ಪತ್ರೆಯ ಸರ್ವರ್‌ಗೆ ನುಗ್ಗಿ ನಾಳೆಯಿಂದ ಶುರುವಾಗುವ ಆಪರೇಷನ್ ಸರದಿಯನ್ನು ಕಲಸಿಬಿಟ್ಟಿದ್ದರು. ಮೊದಲನೆಯದಾಗಿದ್ದ ಅವರ ಅಕ್ಕನ ಹೆಸರು ಈಗ ಇನ್ನೂರ ಹದಿನಾಲ್ಕನೆಯದು. ಮಧ್ಯಾಹ್ನ ಎರಡಕ್ಕೆ ಪಟ್ಟಿ ಡಾಕ್ಟರರ ಕೈ ಸೇರುತ್ತದೆ. ಕೈಯಲ್ಲಿ ತಿದ್ದಿದ ಪಟ್ಟಿ ನಡೆಯದೆಂದು ನಿಯಮ ಮಾಡಿದವರೂ ಈ ಮುಖ್ಯಾಧಿಕಾರಿಯೇ.

"ಸರ್ವರ್ ನೋಡ್ಕೊಳ್ಳೋನು, ಪೊಲೀಸರು ಬರದೆ ಯಂತ್ರ ಮುಟ್ಟಲ್ಲ ಅಂತಿದ್ದಾನೆ!"

ಇನ್ಸ್‌ಪೆಕ್ಟರ್ ಮೇಡಂ FIR ದಾಖಲಿಸಿ ಜೀಪು ಹತ್ತಿದರು. ಮೂರು ತಿಂಗಳಿಂದ ಬರೀ ಬೈಕ್ ಕಳವು ನೋಡಿ ಬೇಸತ್ತಿದ್ದ ಅವರಿಗೆ ಮೈಯಲ್ಲಿ ಮಿಂಚು ಹರಿದಂತಾಯಿತು. ಹಿಂದಿನ ಸೀಟಿನಲ್ಲಿ ಮುಖ್ಯಾಧಿಕಾರಿ, ಪಕ್ಕದಲ್ಲಿ ಹೆಡ್ ಕಾನ್‌ಸ್ಟೇಬಲ್. ಕೆಮ್ಮಿದರೂ ಸಮಯ ಬರೆದಿಡುವ ಅವರಿಗೆ ಠಾಣೆಯಲ್ಲಿ 'ಗಡಿಯಾರ' ಎಂದೇ ಹೆಸರು.

ಸರ್ವರ್ ಕೋಣೆಯ ಬಾಗಿಲ ಮೇಲೆ 'ನಡೀತಿದೆ, ಮುಟ್ಟಬೇಡಿ' ಎಂಬ ರಟ್ಟು. ಒಳಗೆ, ಆಸ್ಪತ್ರೆಗೆಲ್ಲ 'ಸರ್ವರ್ ಅಣ್ಣ' ಆಗಿದ್ದ ನಡುವಯಸ್ಸಿನವನು ಎದ್ದು ನಿಂತ.

"ಹೇಗೆ ಬಂದ್ರು?"

"ರೋಗಿಗಳು ವರದಿ ಕಳಿಸೋ ಪುಟದಿಂದ. ತಂತ್ರಾಂಶ ಹಳೇದು ಮೇಡಂ. ವರದಿ ಅಂತ ಹೇಳಿ ಅಪ್ಪಣೆ ಕಳಿಸಿದ್ರೂ ತಲೆಯಾಡಿಸಿ ಮಾಡ್ಬಿಡುತ್ತೆ. ಪಾಸ್‌ವರ್ಡೂ ಕೇಳಲ್ಲ."

"ಎಷ್ಟೊತ್ತಿಗೆ?"

"ನಿನ್ನೆ ಸಂಜೆ 6.05."

"ಆ ದಾರಿ ಈಗ್ಲೂ ತೆರೆದಿದೆಯಾ?"

"ಇಲ್ಲ. 6.31ಕ್ಕೆ ಮುಚ್ಚಿದೆ."

ಮೇಡಂ ಕಿವಿ ನೆಟ್ಟಗಾಯಿತು. "ಕನ್ನ ಹಾಕಿದ ಕಳ್ಳ ಗೋಡೆಗೆ ಗಾರೆ ಮೆತ್ತಿ ಹೋಗ್ತಾನೇನ್ರೀ?"

"ಮೇಡಂ, ಇಲ್ನೋಡಿ!" ಬೀರುವಿನ ಹಿಂದಿನಿಂದ ಗಡಿಯಾರ ಕೂಗಿದರು. ಅಲ್ಲೊಂದು ಹಾಳೆ ನೇತಾಡುತ್ತಿತ್ತು. ಯಂತ್ರಕ್ಕೆ ಮಾಡಿದ ಪ್ರತಿ ಕೆಲಸದ ದಿನ, ಸಮಯ, ಎಲ್ಲ ಸರ್ವರ್ ಅಣ್ಣನದೇ ಕೈಬರಹ. ಕೊನೆಯ ಸಾಲು: 'ಮಂಗಳವಾರ 6.31. ತೂತು ಮುಚ್ಚಿದೆ.'

"ಪೊಲೀಸರು ಬರದೆ ಮುಟ್ಟಲ್ಲ ಅಂದೋನು ನಿನ್ನೇನೇ ತೂತು ಮುಚ್ಚಿ ಸುಮ್ಮನಿದ್ದಾನೆ. ನನ್ನಂಥೋನೇ ಇವ್ನು. ಕಳ್ಳತನ ಮಾಡಿದ್ರೂ ಟೈಮ್ ಬರೀದೆ ಕೈ ನಿಲ್ಲಲ್ಲ."

ಸರ್ವರ್ ಅಣ್ಣ ತಲೆ ತಗ್ಗಿಸಿದ. ಜೇಬಿನಿಂದ ಹಳೆಯ ಪಟ್ಟಿಯ ಮಡಿಚಿದ ಪ್ರತಿ ತೆಗೆದ. ಮೇಡಂ ಕಣ್ಣೆದುರೇ ಸರದಿಯನ್ನೆಲ್ಲ ಮೊದಲಿನಂತೆ ಜೋಡಿಸಿದಾಗ 1.38. ಮುಖ್ಯಾಧಿಕಾರಿಯ ಹೋದ ಜೀವ ಬಂತು, ಹಿಂದೆಯೇ ಕೋಪವೂ ಬಂತು.

"ಉಂಡ ಮನೆಗೆ ಎರಡು ಬಗೆದೆಯಲ್ಲೋ! ನನ್ನಕ್ಕನೇ ಬೇಕಿತ್ತಾ?"

"ಈ ತೂತು ಮುಚ್ಚೋಣ ಅಂತ ಮೂರು ಪತ್ರ ಬರೆದೆ ಸಾರ್. 'ನಡೀತಿರೋದನ್ನ ಮುಟ್ಟಬೇಡ' ಅಂದ್ರಿ. ಮುಚ್ಚೋಕೆ ಅರ್ಧ ಗಂಟೇನೂ ಬೇಕಾಗ್ಲಿಲ್ಲ. ಹೋದ ತಿಂಗಳು ಇದೇ ತೂತಿಂದ ಯಾರೋ ಬಂದು, ಆರನೇ ವಾರ್ಡಿನ ದರ್ಜಿ ಕೆಲಸದ ಅಮ್ಮನ ಹೆಸರು ಕೆಳಗೆ ತಳ್ಳಿದ್ರು. ಕಣ್ತಪ್ಪು ಅಂದ್ರಿ. ಆಯಮ್ಮನಿಗೆ ಠಾಣೆಗೆ ಓಡಿ ಹೋಗೋಕೆ ನಿಮ್ಮಂಥ ತಮ್ಮ ಇರ್ಲಿಲ್ಲ."

ಇಬ್ಬರು ನರ್ಸ್‌ಗಳ ಸಮಕ್ಷಮ ಪಂಚನಾಮೆ ನಡೆಯಿತು. 1.55ಕ್ಕೆ ಬಂಧನ.

ಠಾಣೆಯಲ್ಲಿ ಮೇಡಂ ಇನ್ನೊಂದು FIR ಹಾಳೆ ಎಳೆದುಕೊಂಡರು. ನೊಂದವರು: ಆರನೇ ವಾರ್ಡಿನ ದರ್ಜಿ ಮಹಿಳೆ. ದೂರುದಾರ: ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವವನು, ಸದ್ಯ ಬಂಧನದಲ್ಲಿ.

"ಟೈಮ್ ಎಷ್ಟ್ರೀ?"

ಗಡಿಯಾರ ಬಾಯಿ ತೆರೆಯುವಷ್ಟರಲ್ಲಿ ಕಂಬಿಯಾಚೆಯಿಂದ ಉತ್ತರ ಬಂತು.

"2.40, ಮೇಡಂ."