ಗಡಿಯಾರಕ್ಕೆ ಅಷ್ಟು ಅಧಿಕಾರ ಯಾಕೆ?

"ಸಂಜೆ ಐದಕ್ಕೆ ಧಣಿ ಪೊಲೀಸರಿಗೆ ದೂರು ಕೊಡ್ತಾರಂತೆ, ಟೀಚರ್. ಎಲ್ಲರೆದುರು ನನ್ನನ್ನು ಕಳ್ಳಿ ಅಂದರು."

ಪುತ್ತಿಗೆಯ ಕಾಂತಿ ಟೀಚರ ಜಗಲಿಯಲ್ಲಿ ಫರ್ಹಾನ ಇಷ್ಟು ಹೇಳುವಷ್ಟರಲ್ಲಿ ಅವಳನ್ನು ಬಂಟ್ವಾಳದಿಂದ ಕರೆತಂದ ಅಬ್ದುಲ್ಲ ರಿಕ್ಷಾವನ್ನು ವಾಪಸು ತಿರುಗಿಸಿ ನಿಲ್ಲಿಸಿದ್ದ. ಕಂಪ್ಯೂಟರ್ ಕಲಿಸಿ ನಿವೃತ್ತರಾದ ಟೀಚರು ಇಂಥ ಗಂಟು ಬಿಡಿಸುವುದನ್ನು ಅವನು ಹನ್ನೊಂದು ವರ್ಷದಿಂದ ಪಕ್ಕದಲ್ಲೇ ನಿಂತು ನೋಡಿದವನು. ತಾನಿಲ್ಲದಿದ್ದರೆ ಒಂದೂ ಬಿಚ್ಚುತ್ತಿರಲಿಲ್ಲ ಎಂಬ ಹೆಮ್ಮೆ ಬೇರೆ.

ವಿಷಯ ಇಷ್ಟೇ. ಧಣಿ ರುಕ್ಮಯ್ಯನವರ ಟ್ರಸ್ಟ್ ವರ್ಷಕ್ಕೆ ಹತ್ತು ಹುಡುಗಿಯರಿಗೆ ನರ್ಸಿಂಗ್ ಸೀಟು ಕೊಡಿಸುತ್ತಿತ್ತು. ಆಯ್ಕೆಪಟ್ಟಿ ತಿದ್ದುವ ಅಧಿಕಾರ ಅಡ್ಮಿನ್ ಆಗಿ ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಫರ್ಹಾನಳಿಗೆ ಮಾತ್ರ. ಹಿಂದಿನ ದಿನ ಮಧ್ಯಾಹ್ನ ಅದರ ಅಂಕಗಳೆಲ್ಲ ಅಡಿಮೇಲಾಗಿದ್ದವು. ಮೊದಲ ಸ್ಥಾನಕ್ಕೆ ಏರಿದ್ದವಳು ಅರ್ಜಿ ವಾಪಸು ಪಡೆದು, ಮದುವೆಯಾಗಿ ದುಬೈಗೆ ಹೋದವಳು.

"ಹಾಗಾದರೆ ಲಾಭ ಯಾರಿಗೂ ಇಲ್ಲ," ಎಂದರು ಟೀಚರು. "ಪಾಸ್‌ವರ್ಡ್ ಇನ್ಯಾರಿಗೆ ಗೊತ್ತುಂಟು?"

"ಯಾರಿಗೂ ಇಲ್ಲ. ಆಯುಧಪೂಜೆಯ ದಿನ ಮಾತ್ರ, ಗುಮಾಸ್ತ ಸಂದೇಶಣ್ಣನ ಕೈಗುಣ ಒಳ್ಳೆಯದು, ಪೂಜೆಯಾದ ಮೇಲೆ ಕಂಪ್ಯೂಟರನ್ನು ಅವನೇ ಚಾಲು ಮಾಡಲಿ ಅಂತ ಧಣಿ ಹೇಳಿದರು. ಇಲ್ಲ ಅನ್ನಲಾಗದೆ ಅವತ್ತು ಕೊಟ್ಟೆ. ಮರುದಿನವೇ ಬದಲಿಸಿದೆ."

"ಬದಲಿಸಿದ ಮೇಲೆ ಮುಗಿಯಿತಲ್ಲ," ಎಂದ ಅಬ್ದುಲ್ಲ.

"ಹೋಗುವ ಮಾರಾಯ, ಮುಗಿದಿದೆಯಾ ನೋಡುವ."

ಬಂಟ್ವಾಳದ ಟ್ರಸ್ಟ್ ಕಚೇರಿಯಲ್ಲಿ ನದಿಯ ನೆರೆಗೆ ಹೆದರಿ ಕಂಪ್ಯೂಟರನ್ನು ಮಾಳಿಗೆಯಲ್ಲಿ ಇಟ್ಟಿದ್ದರು. ಅದನ್ನು ರಿಪೇರಿ ಮಾಡುವ ಶೋಧನ್ ಪರದೆ ತೋರಿಸಿದ. "ಓಡುವ ಪ್ರೋಗ್ರಾಂಗಳ ಪಟ್ಟಿ ನೋಡಿದ್ದೇನೆ. ಅಡ್ಮಿನ್ ಹೆಸರಲ್ಲಿ ಹೊಸತು ಯಾವುದೂ ಇಲ್ಲ. ಇದು ಫರ್ಹಾನಳದೇ ಕೆಲಸ."

"ಹೆಸರು ನೋಡಿದೆ. ಕೈಯಲ್ಲಿ ಏನುಂಟು ಅಂತ ನೋಡಿದೆಯಾ?" ಎನ್ನುತ್ತಾ ಟೀಚರು ಕಪ್ಪು ಪರದೆ ತೆರೆದು ಒಂದೇ ಸಾಲು ಟೈಪಿಸಿದರು. ಓಡುತ್ತಿದ್ದ ಪ್ರತಿ ಪ್ರೋಗ್ರಾಂನ ಮುಂದೆ ಅದರ ಅಧಿಕಾರಗಳು ಮೂಡಿದವು. ಹೆಚ್ಚಿನವುಗಳ ಮುಂದೆ ಖಾಲಿ. ಟೀಚರ ಬೆರಳು ಒಂದು ಕಡೆ ನಿಂತಿತು. ಅವರು ಅದು ಶುರುವಾದ ದಿನವನ್ನೂ ಅದರ ಒಳಗಿನ ಬರಹವನ್ನೂ ನೋಡಿ, "ಎಲ್ಲರನ್ನೂ ಕರೆಯಿರಿ," ಎಂದರು. ಆಗ ಗಂಟೆ ನಾಲ್ಕೂವರೆ.

ರುಕ್ಮಯ್ಯ ದೂರಿನ ಕಾಗದ ಹಿಡಿದೇ ಬಂದರು, ಹಿಂದಿನಿಂದ ಗುಮಾಸ್ತ ಸಂದೇಶ್. ಮೆಟ್ಟಿಲ ತುಂಬ ಕೆಳಗಿನ ಅಂಗಡಿಯವರು.

"ಪರದೆಯ ಮೂಲೆಯಲ್ಲಿ ಗಂಟೆ ತೋರಿಸುವ ಈ ಪುಟ್ಟ ಗಡಿಯಾರ ಸಂದೇಶನ ಹೆಸರಲ್ಲಿ ಓಡುತ್ತಿದೆ," ಎಂದರು ಟೀಚರು. "ಸಂದೇಶ ಸಾದಾ ಬಳಕೆದಾರ. ಆದರೆ ಈ ಗಡಿಯಾರಕ್ಕೆ ಯಾರ ಫೈಲನ್ನಾದರೂ ತಿದ್ದುವ ಅಧಿಕಾರ ಉಂಟು. ಗಂಟೆ ಹೇಳುವುದಕ್ಕೆ ಅದು ಯಾಕೆ?"

"ಪಾಸ್‌ವರ್ಡ್ ಬದಲಿಸಿದ್ದಾಳಲ್ಲ?" ಎಂದರು ರುಕ್ಮಯ್ಯ.

"ಗೇಟಿನ ಬೀಗ ಬದಲಿಸಿದರೆ ಒಳಗೆ ಕೂತವ ಹೊರಗೆ ಹೋಗ್ತಾನಾ ಧಣಿ? ಶುರುವಾಗುವಾಗ ಸಿಕ್ಕ ಅಧಿಕಾರ ಪ್ರೋಗ್ರಾಂ ನಿಲ್ಲುವವರೆಗೂ ಇರುತ್ತದೆ. ಇದು ಶುರುವಾದದ್ದು ಆಯುಧಪೂಜೆಯ ದಿನ. ಅವತ್ತು ಅಡ್ಮಿನ್ ಆಗಿ ಕೂತದ್ದು ಒಬ್ಬನೇ, ಕೈಗುಣದವನು. ಇನ್ವರ್ಟರ್ ಇರುವುದರಿಂದ ಕಂಪ್ಯೂಟರ್ ಅಂದಿನಿಂದ ಒಮ್ಮೆಯೂ ಆರಿಲ್ಲ. ಗಡಿಯಾರದ ಬರಹ ಬಿಚ್ಚಿ ನೋಡಿದೆ. ನಿನ್ನೆ ಮಧ್ಯಾಹ್ನ ಪಟ್ಟಿ ಕೆಡಿಸುವ ಆಜ್ಞೆ ಅದರೊಳಗೇ ಉಂಟು. ಸೀಟು ಯಾರಿಗೆ ಸಿಕ್ಕರೂ ಅವನಿಗೆ ಒಂದೇ. ಫರ್ಹಾನ ಹೋದರೆ ಅವಳ ಕುರ್ಚಿ ಯಾರಿಗೆ?"

ಎಲ್ಲರೂ ಸಂದೇಶನ ಕಡೆ ತಿರುಗಿದರು.

"ಎಂಟು ವರ್ಷ ದುಡಿದೆ," ಎಂದ ಅವನು ನೆಲ ನೋಡುತ್ತಾ. "ಮೊನ್ನೆ ಬಂದವಳನ್ನು ನನ್ನ ಮೇಲೆ ಕೂರಿಸಿದಿರಿ."

ಅಬ್ದುಲ್ಲನಿಗೆ ಶಿಳ್ಳೆ ಹೊಡೆಯುವಷ್ಟು ಖುಷಿಯಾಯಿತು, ಟೀಚರ ಮುಖ ನೋಡಿ ತಡೆದುಕೊಂಡ. ಶೋಧನ್ ಮೆಲ್ಲಗೆ ಆ ಒಂದು ಸಾಲನ್ನು ಅಂಗೈಯಲ್ಲಿ ಬರೆದುಕೊಳ್ಳುತ್ತಿದ್ದ.

ರುಕ್ಮಯ್ಯ ಕಾಗದ ಹರಿದು ಫರ್ಹಾನಳ ಕಡೆ ತಿರುಗಿದರು. "ನಾಳೆಯಿಂದ ಕೆಲಸಕ್ಕೆ ಬಾ ಮಗಾ."

"ಬರ್ತೇನೆ. ಕಳ್ಳಿ ಅಂದದ್ದು ಎಲ್ಲರೆದುರು ಧಣಿ," ಎಂದಳು ಫರ್ಹಾನ.

ಧಣಿ ಮೆಟ್ಟಿಲ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಈ ಹುಡುಗಿಯದು ಏನೂ ತಪ್ಪಿಲ್ಲ. ತಪ್ಪು ನನ್ನದು," ಎಂದು ಕೈಮುಗಿದರು.

ಫರ್ಹಾನ ಕಣ್ಣೊರೆಸಿಕೊಂಡು ಮೊಬೈಲಿನಲ್ಲಿ ತಾಯಿಯ ನಂಬರು ಒತ್ತಿ ಅವರ ಕೈಗೇ ಕೊಟ್ಟಳು. "ನಿನ್ನೆಯಿಂದ ಉಮ್ಮ ಊಟ ಮಾಡಿಲ್ಲ. ಅವರಿಗೂ ಇದನ್ನೇ ಹೇಳಿ."