ವೈರಿನ ವೈರಿ

ಆಂಬುಲೆನ್ಸ್ ಸೇತುವೆಯ ನಟ್ಟನಡುವೆ ಸತ್ತುಬಿದ್ದಿತ್ತು. ಒಳಗಿದ್ದ ರೋಗಿ ಮಾತ್ರ ಬದುಕಿದ್ದ. ಅವನ ಕಾಲು ಮುರಿದಿತ್ತು, ಬಾಯಿ ಮುರಿದಿರಲಿಲ್ಲ. "ಸೆಕೆಂಡ್ ಗೇರಿಗೆ ಹಾಕಿ ತಳ್ಳ್ರೋ!" ಎಂದು ಮಲಗಿದ್ದಲ್ಲಿಂದಲೇ ಕೂಗುತ್ತಿದ್ದ.

ಬೇರೆ ಗಾಡಿ ಬಂದು ಅವನನ್ನು ಕರೆದೊಯ್ದಿತು. ಸತ್ತ ಗಾಡಿಯನ್ನು ಗ್ಯಾರೇಜಿಗೆ ಎಳೆದರು. ಅಲ್ಲಿ ಎಂದಿನ ಹಾಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

"ದಾರೀಲಿ ಸಾಯುತ್ತೆ, ಗ್ಯಾರೇಜಲ್ಲಿ ಬದುಕುತ್ತೆ. ಇದು ರಿಪೇರಿ ಕೇಸಲ್ಲ, ಪೊಲೀಸ್ ಕೇಸು!" ಎಂದರು ಆಸ್ಪತ್ರೆಯ ಮ್ಯಾನೇಜರ್. ಆಮೇಲೆ ಡ್ರೈವರ್ ಕಡೆ ತಿರುಗಿದರು. "ಯಾರೋ ಬೇಕಂತ ಕೆಡಿಸ್ತಿದ್ದಾರೆ. ಸಂಜೆಯೊಳಗೆ ಯಾರು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಅದು ನೀನೇ. ನಾಳೆಯಿಂದ ಬರಬೇಡ."

ಅಂದವರೇ ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಿ ದೂರು ಕೊಟ್ಟರು.

* * *

ಬಂದ ಸಬ್‌ಇನ್ಸ್‌ಪೆಕ್ಟರ್ ಮೇಡಂಗೆ ಸ್ಟೇಷನ್ನಿನಲ್ಲಿ ‘ಚಿಮಟ’ ಅಂತ ಅಡ್ಡಹೆಸರು. ಸಣ್ಣ ಮುಳ್ಳನ್ನೂ ಕೀಳದೆ ಬಿಡುವವರಲ್ಲ.

"ಹೇಗೆ ಸಾಯುತ್ತೆ? ಮಾಡಿ ತೋರಿಸು," ಎಂದರು.

ಡ್ರೈವರ್ ನಾಚಿಕೊಂಡೇ ಮಾಡಿದ. "ಗೊರ್ರ್ರ್... ಗೊರ್ರ್... ಗೊ... ಪುಸ್ಸ್."

"ಲೈಟು, ಹಾರ್ನು?"

"ಎಲ್ಲಾ ಇರುತ್ತೆ ಮೇಡಂ. ಸೈರನ್ ಅಂತೂ ಸತ್ತವರ ಮನೇಲಿ ಅತ್ತ ಹಾಗೆ ಅಳ್ತಾನೇ ಇರುತ್ತೆ."

"ಅಂದ್ರೆ ಬ್ಯಾಟರಿ ಸರಿ ಇದೆ. ಇಂಜಿನ್ನಿಗೆ ಊಟ ಹೋಗ್ತಿಲ್ಲ." ಚಿಮಟ ಮೇಡಂ ಬಾನೆಟ್ ಎತ್ತಿಸಿದರು. ಡೀಸೆಲ್ ಪಂಪಿಗೆ ಕರೆಂಟ್ ಒಯ್ಯುವ ವೈರನ್ನು ಟಾರ್ಚ್ ಹಿಡಿದು ಇಂಚಿಂಚೂ ನೋಡಿದರು. ಏನೋ ಕಂಡಿತು. ಟಾರ್ಚ್ ಆರಿಸಿ ಜೇಬಿಗಿಟ್ಟರು.

* * *

ಮೊದಲ ಅನುಮಾನ ಆಸ್ಪತ್ರೆಯಲ್ಲಿ ಗಾಡಿ ತೊಳೆಯುವ ತಾತನ ಮೇಲೆ; ಅವನನ್ನು ಗ್ಯಾರೇಜಿಗೇ ಕರೆಸಿದರು. ಹಿಂದೆ ಅದೇ ಗಾಡಿಗೆ ಅವನೇ ಡ್ರೈವರ್. ಕಣ್ಣು ಮಂಜಾಯಿತೆಂದು ಕೈಯಿಂದ ಸ್ಟೇರಿಂಗ್ ಕಿತ್ತು ನೀರಿನ ಪೈಪ್ ಕೊಟ್ಟಿದ್ದರು.

"ನೀವು ತೊಳೆದ ದಿನವೇ ಗಾಡಿ ನಿಲ್ಲುತ್ತಂತೆ?"

"ನಿಲ್ಲದ ದಿನಾನೂ ತೊಳೆದಿರ್ತೀನಲ್ಲಮ್ಮ! ದಿನಾ ತೊಳೀತೀನಿ."

"ಬಾನೆಟ್ ಒಳಗೂ?"

ತಾತ ಮೂಗಿನಿಂದ ಮ್ಯಾನೇಜರ್ ದನಿ ತೆಗೆದ. "‘ಇಂಜಿನ್ನೂ ಫಳಫಳ ಅನ್ಬೇಕು ತಾತಾ, ಇದು ಆಸ್ಪತ್ರೆ!’ ಅವರದೇ ಅಪ್ಪಣೆ. ಪೈಪ್ ಹಿಡೀತೀನಿ, ಬಿಡ್ತೀನಿ. ಒಳಗೆ ಏನಿದೆ ಅಂತ ನನ್ನ ಕಣ್ಣಿಗೆ ಕಂಡಿದ್ರೆ ಇನ್ನೂ ಡ್ರೈವರೇ ಆಗಿರ್ತಿದ್ದೆ."

ಹಿಂದೆ ನಿಂತಿದ್ದ ಮ್ಯಾನೇಜರ್ ಕೆಮ್ಮಿದರು. ಕೆಮ್ಮೂ ಮೂಗಿನಿಂದಲೇ ಬಂತು.

* * *

ಗ್ಯಾರೇಜಿನ ಎಲೆಕ್ಟ್ರಿಷಿಯನ್ ಡ್ರೈವರನ ಅಕ್ಕನ ಗಂಡ. ಎಲ್ಲರ ಬಾಯಲ್ಲೂ ‘ಡಾಕ್ಟರ್’.

"ಪ್ರತಿ ಸಲ ನೀವೇ ನೋಡಿದ್ದು?"

"ನನ್ನ ಭಾವಮೈದುನನ ಅನ್ನದ ಪ್ರಶ್ನೆ ಮೇಡಂ. ಬೇರೆಯವರ ಕೈಗೆ ಕೊಡ್ತೀನಾ? ಅಡಿಯಿಂದ ಮುಡಿಯವರೆಗೆ ನೋಡಿದೀನಿ. ವೈರು ಜೀವಂತ!"

"ಹೇಗೆ ನೋಡಿದ್ರಿ? ಈಗ ತೋರಿಸಿ."

ಡಾಕ್ಟರ್ ಟೆಸ್ಟ್ ಲ್ಯಾಂಪ್ ತೆಗೆದ. ಪೆನ್ನಿನಂಥ ಹಿಡಿ, ತಲೆಯಲ್ಲಿ ಪುಟ್ಟ ಬಲ್ಬು, ತುದಿಯಲ್ಲಿ ಚೂಪಾದ ಸೂಜಿ. ಅಭ್ಯಾಸದ ಕೈ. ವೈರಿನ ಪ್ಲಾಸ್ಟಿಕ್ ಮೇಲೆ ಕಚಕ್ಕನೆ ಚುಚ್ಚಿದ. ಬಲ್ಬು ಹೊತ್ತಿತು. "ನೋಡಿದ್ರಾ?"

"ನೋಡಿದೆ. ಅಪರಾಧ ನಡೆಯೋದನ್ನ ಕಣ್ಣಾರೆ ನೋಡಿದ್ದು ಇದೇ ಮೊದಲು."

ಡಾಕ್ಟರ್ ಹೆಡ್‌ಲೈಟಿನಷ್ಟು ಕಣ್ಣು ಬಿಟ್ಟ.

"ಈ ವೈರಿನ ಮೈತುಂಬ ತೂತು," ಎಂದರು ಮೇಡಂ. "ಹಳೇ ತೂತುಗಳ ಸುತ್ತ ಹಸಿರು ಪುಡಿ. ಒಂದರಲ್ಲಿ ಮಾತ್ರ ತಾಮ್ರ ಹೊಸದಾಗಿ ಹೊಳೀತಿತ್ತು. ಇವತ್ತಿನದು. ಸೇತುವೆಯಿಂದ ಗಾಡಿ ನೇರ ಇಲ್ಲಿಗೆ ಬಂತು, ಆಮೇಲೆ ತಾತ ಅದನ್ನ ಮುಟ್ಟಿಲ್ಲ. ಮುಟ್ಟಿದವರು ನೀವೊಬ್ಬರೇ."

ಡಾಕ್ಟರ್ ವೈರನ್ನು ಕತ್ತರಿಸಿ, ಉದ್ದಕ್ಕೆ ಸೀಳಿದ. ಒಳಗೆಲ್ಲ ಪಾಚಿಯಂಥ ಹಸಿರು. ನಾಲ್ಕೈದು ಎಳೆ ತಂತಿ ಮಾತ್ರ ಉಳಿದಿತ್ತು.

"ನಾನು ಚುಚ್ಚಿದೆ, ತಾತನ ನೀರು ಆ ತೂತಲ್ಲಿ ಇಳೀತು, ತಾಮ್ರ ಕೊಳೀತು," ಎಂದ ಮೆಲ್ಲಗೆ. "ಗಾಡಿ ಕುಲುಕಿದಾಗ ಈ ಎಳೆಗಳು ಕೈಬಿಡ್ತವೆ. ನಿಂತಾಗ ಮತ್ತೆ ಕೂಡ್ಕೊಳ್ತವೆ. ನನ್ನ ಬಲ್ಬು ಅಲ್ಪತೃಪ್ತ, ಒಂದೆಳೆ ಸಿಕ್ಕರೂ ಹಲ್ಲು ಕಿರಿಯುತ್ತೆ. ಪಂಪು ಹೊಟ್ಟೆಬಾಕ, ಅದಕ್ಕೆ ಸಾಲಲ್ಲ. ರೋಗ ಸಿಗಲಿಲ್ಲ ಅಂತ ಮತ್ತೆ ಮತ್ತೆ ಚುಚ್ಚಿದೆ." ಡ್ರೈವರ್ ಮುಖ ನೋಡಲಾಗದೆ ತಲೆ ತಗ್ಗಿಸಿದ. "ನಿನ್ನ ಉಳಿಸೋಕೆ ಹೋಗಿ ನಾನೇ..."

"ಅತಿಯಾದ ಪ್ರೀತಿಗೆ ಯಾವ ಸೆಕ್ಷನ್ನೂ ಇಲ್ಲ," ಎಂದರು ಚಿಮಟ ಮೇಡಂ. "ಮ್ಯಾನೇಜರೇ, ದೂರು?"

"ವಾಪಸ್," ಎಂದಿತು ಮೂಗು. "ಇಂಜಿನ್ ತೊಳೆಯೋ ಅಪ್ಪಣೇನೂ ವಾಪಸ್. ನೀನು... ನಾಳೆ ಬಾಪ್ಪಾ."

* * *

ಹೊಸ ವೈರು ಹಾಕಿದ್ದಾಯಿತು. ಈ ಸಲ ಡಾಕ್ಟರ್ ಪ್ಲಾಸ್ಟಿಕ್ ಮುಟ್ಟಲಿಲ್ಲ. ಪಂಪಿನ ಸಾಕೆಟ್ಟಿನ ಬಳಿಯೇ ಮೀಟರ್ ಹಿಡಿದು, ಪಂಪು ಓಡುತ್ತಿರುವಾಗಲೇ ಅಳೆದ. ತಾತ, ಮ್ಯಾನೇಜರ್ ಇಬ್ಬರೂ ಸೇರಿ ಗಾಡಿಯನ್ನು ಮಾವಿನ ಕೊಂಬೆಯ ಹಾಗೆ ಅಲ್ಲಾಡಿಸಿದರು. ಇಂಜಿನ್ ನಿಲ್ಲಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಫೋನ್ ಬಡಿದುಕೊಂಡಿತು. ಊರಾಚೆ ಒಬ್ಬಳಿಗೆ ಹೆರಿಗೆ ನೋವು. ಅವರು ತಲೆ ಎತ್ತುವಷ್ಟರಲ್ಲಿ ಡ್ರೈವರ್ ಸೀಟಿನಲ್ಲಿದ್ದ.

"ದಾರೀಲಿ ಏನಾದ್ರೂ ಆದ್ರೆ? ನಾನೂ ಬರ್ತೀನಿ ಕಣೋ," ಎಂದು ಡಾಕ್ಟರ್ ಓಡಿಬಂದ.

ಡ್ರೈವರ್ ಪಕ್ಕದ ಬಾಗಿಲು ತೆರೆದ. "ಬಾ ಭಾವ. ಕೈ ಎರಡನ್ನೂ ಜೇಬಲ್ಲಿಟ್ಕೊಂಡು ಕೂತ್ಕೋ."